ಬಲೆ ಬೆಲೆಯಾದ ಕಥೆ

ಹೋದ ತಿಂಗಳು ಅಪ್ಪನ ಬಲೆ ಹರಿಯಿತು. ಸಹಾಯ ಕೇಳುವ ಅರ್ಜಿ ಬರೆದುಕೊಟ್ಟವನು ನಾನು. ಗಡಿಬಿಡಿಯಲ್ಲಿ 'ಬ'ದ ಗೆರೆಯನ್ನು ಮೇಲಕ್ಕೆ ಬಾಗಿಸಿಬಿಟ್ಟೆ. ಓದಿದವರು, "ಬೆಲೆ ಹರಿದಿದೆ ಅಂದ್ರೆ ಎಂಥದು?" ಎಂದು ಕೇಳಿದರಂತೆ. ಅಪ್ಪ ಬಯ್ಯಲಿಲ್ಲ. ಆದರೆ ತೆಂಗಿನಗುಂಡಿಯಿಂದ ಭಟ್ಕಳಕ್ಕೆ ಮತ್ತೊಮ್ಮೆ ಹೋಗಿಬರಲಿಕ್ಕೆ ಅವರ ಒಂದು ದಿನದ ದುಡಿಮೆ ಹೋಯ್ತು.

ಇದನ್ನು ಕೇಳಿ ಅಕ್ಕೋರು ನಮಗೆ ಚೀನಾ ದೇಶದ ಅಕ್ಷರಕಲೆಯ ಬಗ್ಗೆ ಹೇಳಿದರು. ಅಲ್ಲಿ ಕೂದಲಿನ ಕುಂಚವನ್ನು ನೆಟ್ಟಗೆ ಹಿಡಿದು, ಮಸಿಯಲ್ಲಿ ಅದ್ದಿ ಬರೆಯುತ್ತಾರೆ. ಗೆರೆಗಳಿಗೆ ಸರದಿ ಉಂಟು: ಮೊದಲು ಮೇಲಿನದು, ಆಮೇಲೆ ಕೆಳಗಿನದು, ಮೊದಲು ಎಡ, ಆಮೇಲೆ ಬಲ. 'ಶಾಶ್ವತ' ಎಂಬ ಅರ್ಥದ 'ಯೊಂಗ್' ಅಕ್ಷರ ಒಂದರಲ್ಲೇ 8 ಬಗೆಯ ಗೆರೆಗಳಿವೆ. ಕಲಿಯುವವರು ಅದನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. 2009ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾವೂ ಕುಂಚದಲ್ಲಿ 'ಬ' ಬರೆದು ನೋಡಿದೆವು. ಒತ್ತಿದರೆ ಗೆರೆ ದಪ್ಪ, ಎತ್ತಿದರೆ ಸಪೂರ, ತಡೆದು ನಿಂತರೆ ಮಸಿ ಹರಡುತ್ತದೆ. ಅಳಿಸಲಿಕ್ಕೆ ಬರುವುದಿಲ್ಲ. ಹಾಗಾಗಿ ಕೈ ತನ್ನಷ್ಟಕ್ಕೇ ನಿಧಾನವಾಯ್ತು. ಗೆರೆ ಎಲ್ಲಿ ನಿಲ್ಲಬೇಕೆಂದು ಆಗ ಗೊತ್ತಾಯ್ತು.

ಗೆಳೆಯರೇ, ನಮ್ಮ ಅಕ್ಷರ ನಮಗೆ ಓದಲಿಕ್ಕೆ ಬಂದರೆ ಸಾಲದು, ಬೇರೆಯವರಿಗೂ ಬರಬೇಕು. ಈ ಹಾಳೆಯಲ್ಲಿ ನಾನು ಬರೆದ ಬಲೆಗಳೆಲ್ಲ ಬಲೆಯಾಗಿಯೇ ಇವೆಯಾ? ನೋಡಿ ಹೇಳಿ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿ