ಕ್ಯಾಂಪರ್ ವ್ಯಾನಿನ ಬಾತ್‌ರೂಮಲ್ಲಿ ಅಮ್ಮ, ಚಿಲಕ ಹೊರಗಡೆ!

ಮರವಂತೆ ಗೊತ್ತಲ್ಲ? ಹೆದ್ದಾರಿಯ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅಲ್ಲಿ ನಿಂತು ಸೂರ್ಯಾಸ್ತ ನೋಡಬೇಕು ಅಂತ ಮಂಗಳೂರಿನಿಂದ ಹೊರಟವರು ನಾವು. ಕೊನೆಗೆ ನೋಡಿದ್ದು ಒಂದು ಬಾತ್‌ರೂಮ್ ಬಾಗಿಲನ್ನು, ಸುಮಾರು ಇಪ್ಪತ್ತೈದು ನಿಮಿಷ.

ಅಪ್ಪ ರಿಟೈರ್ ಆದ ನೆಪದಲ್ಲಿ ಎರಡು ದಿನಕ್ಕೆ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡಿದ್ದೆವು. ಅಪ್ಪ, ಅಮ್ಮ, ಅಕ್ಕ, ಭಾವ, ಅವರ ನಾಲ್ಕು ವರ್ಷದ ಮಗಳು, ನಾನು. ಜೊತೆಗೆ ಡ್ರೈವರ್. ಮಲಗಲು ಜಾಗ, ಪುಟ್ಟ ಅಡುಗೆಕಟ್ಟೆ, ಬಾತ್‌ರೂಮ್ ಎಲ್ಲ ಇತ್ತು. ಬುಕ್ ಮಾಡುವಾಗ ನಾನು ಎಸಿ ನೋಡಿದೆ, ಚಾರ್ಜಿಂಗ್ ಪಾಯಿಂಟ್ ಎಣಿಸಿದೆ, ರಿವ್ಯೂ ಓದಿದೆ. ಬಾಗಿಲ ಚಿಲಕ ಯಾರು ನೋಡ್ತಾರೆ?

ಮರವಂತೆಯಲ್ಲಿ ಗಾಡಿಯ ಎಡಚಕ್ರ ಮರಳಿಗೆ ಇಳಿಸಿ ನಿಲ್ಲಿಸಿದೆವು. ಅಮ್ಮ ಬಾತ್‌ರೂಮಿಗೆ ಹೋದರು. ಅಕ್ಕನ ಮಗಳು ಹೊರಗಡೆ ಕಂಡ ಹೊಳೆಯುವ ಗುಬುಟನ್ನು ತಿರುಗಿಸಿದಳು. ಟಕ್ ಅಂತ ಸದ್ದಾಯಿತು. ಅವಳಿಗೆ ಆಟ.

"ಎಂಥ ಮಾರಾಯ, ಬಾಗಿಲು ಬರುವುದಿಲ್ಲ!" ಅಂತ ಒಳಗಿನಿಂದ ಅಮ್ಮ.

ನಾನು ನಗುತ್ತಲೇ ಹೋಗಿ ಗುಬುಟು ತಿರುಗಿಸಿದೆ. ಅಲ್ಲಾಡಲಿಲ್ಲ. ಭಾವ ತಿರುಗಿಸಿದರು. ಅಲ್ಲಾಡಲಿಲ್ಲ. ಆಗ ನಗು ನಿಂತಿತು. ಅಮ್ಮನಿಗೆ ಬಿಪಿ ಉಂಟು. ಒಳಗೆ ಕಿಟಕಿ ಇಲ್ಲ, ಫ್ಯಾನ್ ಮಾತ್ರ, ಅದೂ ಹಾಳು. ಕರಾವಳಿಯ ಏಪ್ರಿಲ್ ಸೆಕೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

"ಹೆದರ್ಬೇಡ ಅಮ್ಮ, ಈಗ ತೆಗೀತೇವೆ" ಅಂದೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ. ಭಾವ ಒದೆಯಲು ತಯಾರಾದರು. ಆದರೆ ಅದು ಹೊರಕ್ಕೆ ತೆರೆಯುವ ಬಾಗಿಲು, ಒದ್ದರೆ ಚೌಕಟ್ಟಿಗೇ ಹೋಗಿ ಕೂರುತ್ತದೆ. ಹೇಗಾದರೂ ಮುರಿದರೆ ಅಮ್ಮನ ಮೈಮೇಲೆ.

ದಾರಿ ತೋರಿಸಿದ್ದು ಡ್ರೈವರ್. "ಗಾಡಿ ಓರೆ ನಿಂತಿದೆ ಸಾರ್. ಹೊಂಡದಲ್ಲಿ ಒಂದು ಚಕ್ರ ಇಳಿದರೆ ಲಾರಿ ಬಾಗಿಲೂ ಹೀಗೇ ಕಚ್ಚಿಕೊಳ್ತದೆ. ಸಮ ಮಾಡುವ." ಅಮ್ಮನಿಗೆ ಗಟ್ಟಿಯಾಗಿ ಹಿಡಿದು ಕೂರಲು ಹೇಳಿ, ಗಾಡಿಯನ್ನು ಹತ್ತು ಮೀಟರ್ ಮುಂದೆ, ಸಮತಟ್ಟು ಜಾಗಕ್ಕೆ ತಂದರು. ಗುಬುಟು ಎರಡೇ ಬೆರಳಲ್ಲಿ ತಿರುಗಿತು.

ಅಮ್ಮ ಬೆವರಿನಲ್ಲಿ ತೊಯ್ದು ಹೊರಗೆ ಬಂದರು. ಏನೂ ಮಾತಾಡದೆ ಮೆಟ್ಟಿಲ ಮೇಲೆ ಕೂತು ಒಂದು ಬಾಟಲಿ ನೀರು ಕುಡಿದರು.

ಚಿಲಕ ತಲೆಕೆಳಗಾದದ್ದು ಯಾಕೆ?

ಬಾತ್‌ರೂಮಿನ ಚಿಲಕದ ಗುಬುಟು ಒಳಗಿರಬೇಕು. ಹೊರಗೆ ಒಂದು ಸೀಳು ಮಾತ್ರ, ತುರ್ತಿಗೆ ನಾಣ್ಯ ಹಾಕಿ ತಿರುಗಿಸಲು. ನಮ್ಮ ವ್ಯಾನಿನಲ್ಲಿ ಸೀಳು ಒಳಗೆ, ಗುಬುಟು ಹೊರಗೆ! ಯಾರೋ ಅವಸರದಲ್ಲಿ ತಪ್ಪಿದ್ದಾರೆ ಅಂದುಕೊಂಡೆ. ಊರಿಗೆ ಬಂದ ಮೇಲೆ ಬೈಕಂಪಾಡಿ ಕಡೆ ಗಾಡಿಗಳ ಬಾಡಿ ಕಟ್ಟುವ ಮೇಸ್ತ್ರಿ ಒಬ್ಬರಿಗೆ ಫೋಟೋ ತೋರಿಸಿದೆ. "ಇದು ಮನೆ ಚಿಲಕ ಸಾರ್, ಗಾಡಿಯದ್ದಲ್ಲ" ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಮನೆಯ ಫ್ಲಶ್ ಡೋರ್ ಸಾಮಾನ್ಯವಾಗಿ 30–35 ಮಿಲಿಮೀಟರ್ ದಪ್ಪ. ಅದರ ಹೊಟ್ಟೆ ಕೊರೆದು ಲಾಕ್ ಒಳಗೇ ಕೂರಿಸಬಹುದು. ಗಾಡಿಯಲ್ಲಿ ತೂಕ ಉಳಿಸಲು 18 ಮಿಲಿಮೀಟರ್ ಪ್ಲೈ ಹಾಕಿದರೆ ಕೊರೆಯಲು ಜಾಗವೇ ಇಲ್ಲ. ಹಾಗಾಗಿ ಬಾಗಿಲ ಮೇಲೆಯೇ ಕೂರುವ ಡಬ್ಬಿಯಂಥ ಲ್ಯಾಚ್ ಹಾಕುತ್ತಾರೆ. ಒಳಕ್ಕೆ ತೆರೆಯುವ ಬಾಗಿಲಿಗೆ ಅಂತಲೇ ಮಾಡಿದ ಲ್ಯಾಚ್ ಅದು. ಬಾಗಿಲು ಯಾವ ಕಡೆಗೆ ತೆರೆಯುತ್ತದೋ ಆ ಕಡೆಯಲ್ಲಿ ಡಬ್ಬಿ ಇದ್ದರೆ ಮಾತ್ರ ಅದರ ಅಗುಳಿ ಚೌಕಟ್ಟಿನ ಮೇಲಿನ ಜೋಡಿಗೆ ಸರಿಯಾಗಿ ಕೂರುತ್ತದೆ.

ಆದರೆ ವ್ಯಾನಿನ ಬಾತ್‌ರೂಮ್ ಇಕ್ಕಟ್ಟು. ಬಾಗಿಲು ಹೊರಕ್ಕೇ ತೆರೆಯಬೇಕು. ಅದು ಒಳ್ಳೆಯದೇ, ಒಳಗೆ ಯಾರಾದರೂ ಕುಸಿದು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಲ್ಯಾಚ್ ಕೂರಿಸಿದವರು ಡಬ್ಬಿಯನ್ನು ಹೊರಗೆ ಹಾಕಿದರು, ಅಗುಳಿ ಸರಿಯಾಗಿ ಕೂತಿತು, ಗುಬುಟು ಹೊರಗಾಯಿತು. ಬಾಗಿಲು ಮುಚ್ಚುತ್ತದಾ? ಹೌದು. ಕೆಲಸ ಮುಗಿಯಿತು.

ನಮ್ಮ ಸಾಫ್ಟ್‌ವೇರ್‌ನಲ್ಲೂ ಇದೇ ಕಥೆ. ಎಲ್ಲ ಸರಿ ಇದ್ದಾಗ ಓಡುತ್ತದಾ ಅಂತ ಟೆಸ್ಟ್ ಮಾಡುತ್ತೇವೆ. ಒಳಗೆ ಒಬ್ಬರು, ಹೊರಗೆ ಒಂದು ಮಗು, ಕೆಳಗೆ ಓರೆ ನೆಲ ಇದ್ದಾಗ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಮನೆ ಅಲುಗಾಡುವುದಿಲ್ಲ, ಗಾಡಿ ಅಲುಗಾಡುತ್ತದೆ

ಗಾಡಿಯೊಳಗಿನ ಚಿಲಕಕ್ಕೆ ಎರಡು ಕೆಲಸ. ಓಡುವಾಗ ಬಾಗಿಲು ತೆರೆದುಕೊಳ್ಳಬಾರದು. ನಿಂತಾಗ ಯಾವ ಕಡೆಯಿಂದಲಾದರೂ ತೆರೆಯಲು ಬರಬೇಕು. ಮೊದಲನೆಯದಕ್ಕೆ ಮಾಡುವ ಉಪಾಯವೇ ಎಷ್ಟೋ ಸಲ ಎರಡನೆಯದನ್ನು ಕೆಡಿಸುತ್ತದೆ. ಕಪಾಟಿನ ಮ್ಯಾಗ್ನೆಟ್ ಹಾಕಿದರೆ ಚಾರ್ಮಾಡಿ ಘಾಟಿಯ ಮೊದಲ ತಿರುವಿನಲ್ಲೇ ಬಾಗಿಲು ಬಡಿಯಲು ಶುರು. ಆಗ ಯಾರೋ ಹೊರಗಿನಿಂದ ಒಂದು ಟವರ್ ಬೋಲ್ಟ್ ಹೊಡೆಯುತ್ತಾರೆ. ಬಡಿಯುವುದು ನಿಲ್ಲುತ್ತದೆ, ಒಳಗಿದ್ದವರ ಕೈಯಿಂದ ಬಾಗಿಲು ಹೋಗುತ್ತದೆ.

ಇನ್ನು ಓರೆ ನಿಲ್ಲುವ ವಿಷಯ. ಉದ್ದ ಗಾಡಿಯ ಒಂದು ಚಕ್ರ ತಗ್ಗಿದರೆ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಜೊತೆಗೆ ಬಾಗಿಲ ಚೌಕಟ್ಟೂ. ಎರಡು ಮಿಲಿಮೀಟರ್ ಸಾಕು, ಅಗುಳಿ ಕಚ್ಚಿಕೊಳ್ಳಲು. ನಮ್ಮ ಕರಾವಳಿಯ ಉಪ್ಪುಗಾಳಿ ಬೇರೆ. ಸಾದಾ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲೂ 304ಕ್ಕಿಂತ 316 ಗ್ರೇಡ್ ಉಪ್ಪಿಗೆ ಹೆಚ್ಚು ತಡೆದುಕೊಳ್ಳುತ್ತದೆ.

ಬಜ್ಪೆಯಿಂದ ವಿಮಾನ ಹತ್ತುವಾಗ ಗಮನಿಸಿ. ಟಾಯ್ಲೆಟ್ ಬಾಗಿಲಿನ ‘ಲ್ಯಾವೆಟರಿ’ ಫಲಕ ಎತ್ತಿದರೆ ಅದರಡಿ ಒಂದು ಸಣ್ಣ ಸರಿಯುವ ಕೀಲಿ ಇರುತ್ತದೆ. ಒಳಗಿದ್ದವರಿಗೆ ಏನಾದರೂ ಆದರೆ ಸಿಬ್ಬಂದಿ ಹೊರಗಿನಿಂದ ತೆರೆಯುತ್ತಾರೆ. ಅಲ್ಲಿ ತುರ್ತು ಪರಿಸ್ಥಿತಿಯನ್ನು ಮೊದಲೇ ಯೋಚಿಸಿದ್ದಾರೆ.

ನಮ್ಮಲ್ಲಿ ಇಂಥ ಗಾಡಿಗಳು ಹೆಚ್ಚುತ್ತಿವೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕಾರವಾನ್ ಪ್ರವಾಸದ ಮಾತು ಬಂದಿತ್ತು. ಪಕ್ಕದ ಕೇರಳ 2021ರಲ್ಲಿ ಕಾರವಾನ್ ನೀತಿಯನ್ನೇ ತಂದಿತು. ಮೋಟಾರ್ ಕಾರವಾನ್‌ಗಳಿಗಾಗಿ ಎಐಎಸ್-124 ಎಂಬ ಮಾನದಂಡವೂ ಉಂಟು. ಆದರೆ ಹಳೆ ಟೆಂಪೊ ತಗೊಂಡು ಶೆಡ್ಡಿನಲ್ಲಿ ಕಟ್ಟಿಸಿದ ಗಾಡಿ ಬಂದರೆ ಒಳಗಿನ ಚಿಲಕ ನೋಡಬೇಕಾದವರು ನಾವೇ.

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ, ನಮ್ಮೂರ ಮೇಲೆ ಹಾದುಹೋಗುವ ಇದೇ ಹೆದ್ದಾರಿ 66ರ ಬದಿಯಲ್ಲಿ, ನಿಲ್ಲಿಸಿದ್ದ ಕಾರವಾನಿನೊಳಗೆ ಇಬ್ಬರು ಸತ್ತರು. ಕಾರಣ ಜನರೇಟರಿನ ಕಾರ್ಬನ್ ಮಾನಾಕ್ಸೈಡ್. ಅದಕ್ಕೂ ಚಿಲಕಕ್ಕೂ ಸಂಬಂಧ ಇಲ್ಲ. ಆದರೆ ಬಣ್ಣ ವಾಸನೆ ಇಲ್ಲದ ಆ ಗ್ಯಾಸಿನಿಂದ ತಲೆ ತಿರುಗುವ ಹೊತ್ತಿನಲ್ಲಿ, ಕತ್ತಲಲ್ಲಿ ಚಿಲಕ ಎಲ್ಲಿದೆ ಅಂತ ತಡಕಾಡುವ ಸ್ಥಿತಿ ಯಾರಿಗೂ ಬರಬಾರದು.

ಹೊರಡುವ ಮುಂಚೆ ಐದು ನಿಮಿಷ

– ಪ್ರತಿ ಒಳಬಾಗಿಲ ಹಿಂದೆ ನೀವೇ ನಿಂತು ಚಿಲಕ ಹಾಕಿ ತೆಗೆಯಿರಿ. ಲೈಟ್ ಆಫ್ ಮಾಡಿ ಇನ್ನೊಮ್ಮೆ.
– ಹೊರಗಿನಿಂದ ತುರ್ತಾಗಿ ತೆರೆಯುವುದು ಹೇಗೆ ಅಂತ ಕೇಳಿ. ಸೀಳಿನ ಮೇಲೆ ಸ್ಟಿಕರ್ ಅಂಟಿಸಿದ್ದರೆ ಕೀಳಿಸಿ.
– ಹೊರಗಡೆ ಬೋಲ್ಟ್ ಇದ್ದರೆ ಅದು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಗಾಡಿ ನಿಂತ ಕೂಡಲೇ ತೆಗೆಯುವ ಕೆಲಸ ಒಬ್ಬರಿಗೆ ವಹಿಸಿ.
– ರಾತ್ರಿ ಸಮತಟ್ಟು ಜಾಗದಲ್ಲೇ ನಿಲ್ಲಿಸಿ. ಚಿಲಕ ಬಿಗಿಯಾದರೆ ಎಳೆದಾಡಬೇಡಿ, ಗಾಡಿ ಸಮ ಮಾಡಿ.
– ತುರ್ತು ನಿರ್ಗಮನದ ಕಿಟಕಿ ಯಾವುದು ಅಂತ ಎಲ್ಲರಿಗೂ ತೋರಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಕೇಳಿ.

ಬಾಡಿಗೆಗೆ ಕೊಟ್ಟವರಿಗೆ ಫೋಟೋ ಸಮೇತ ಬರೆದೆ. ಲ್ಯಾಚ್ ಬದಲಿಸಿದ್ದೇವೆ ಅಂತ ಫೋಟೋ ಕಳಿಸಿದರು. ಗುಬುಟು ಈಗ ಒಳಗಡೆ.

ಅಕ್ಕನ ಮಗಳಿಗೆ ಯಾರೂ ಬೈಯಲಿಲ್ಲ, ಅಮ್ಮ ಬಿಡಲಿಲ್ಲ. ಆದರೆ ಈಗ ಹೋಟೆಲ್ ಆಗಲಿ, ಮದುವೆ ಹಾಲ್ ಆಗಲಿ, ಅಮ್ಮ ಬಾತ್‌ರೂಮಿಗೆ ಹೋಗುವಾಗ ಪರ್ಸಿನಿಂದ ಐದು ರೂಪಾಯಿಯ ಒಂದು ನಾಣ್ಯ ತೆಗೆದು ಕೈಯಲ್ಲಿ ಹಿಡಿದೇ ಹೋಗುತ್ತಾರೆ.