ಟೋಪಿಯ ಸೂಜಿ ಕಾಯ್ದ ನುಡಿ

ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಇಂಗ್ಲಿಷ್ ಆಡುವವರೇ ಬಹುಸಂಖ್ಯಾತರು. ಫ್ರೆಂಚ್ ಮಾತೃಭಾಷೆಯಾದವರು ಕೆಲವರೇ. 1912ರಲ್ಲಿ ಅಲ್ಲಿಯ ಸರ್ಕಾರವು ಹದಿನೇಳನೆಯ ನಿಯಮವನ್ನು ಹೊರಡಿಸಿ, ಮೊದಲೆರಡು ತರಗತಿಗಳ ತರುವಾಯ ಫ್ರೆಂಚಿನಲ್ಲಿ ಪಾಠ ಹೇಳಕೂಡದೆಂದು ವಿಧಿಸಿತು. ಒಟ್ಟಾವಾ ನಗರದ ಗೀಗ್ ಶಾಲೆಯ ಅಧ್ಯಾಪಿಕೆಯರಾದ ಬೆಆತ್ರೀಸ್ ಮತ್ತು ದಿಯಾನ್ ದೆಲೋಜ್ ಎಂಬ ಸೋದರಿಯರು ಈ ಆಜ್ಞೆಗೆ ತಲೆಬಾಗಲಿಲ್ಲ. ಸಂಬಳ ನಿಂತಿತು, ಪಾಠ ನಿಲ್ಲಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿಯೇ ತಲೆ ನರೆತ ನಾನು ಈ ಮಾತನ್ನು ಲಘುವಾಗಿ ಬರೆಯಲಾರೆ. ಒಂದು ತಿಂಗಳ ಸಂಬಳ ತಡವಾದರೆ ಮನೆಯ ಗತಿಯೇನೆಂಬುದು ಗೃಹಸ್ಥರಾದ ವಾಚಕರಿಗೆ ತಿಳಿಯದುದೇ?

1916ರ ಜನವರಿಯ ಕಡುಚಳಿಯಲ್ಲಿ ಮಕ್ಕಳ ತಾಯಂದಿರು ಶಾಲೆಯ ಬಾಗಿಲಲ್ಲಿ ಕಾವಲು ನಿಂತರು. ಪೋಲೀಸರಿಗೂ ಅಂಜದ ಆ ಗೃಹಿಣಿಯರ ಆಯುಧವೆಂದರೆ ಟೋಪಿಯು ಜಾರದಂತೆ ಕೂದಲಿಗೆ ಚುಚ್ಚಿಕೊಳ್ಳುವ ಉದ್ದನೆಯ ಸೂಜಿ!

1927ರಲ್ಲಿ ಸರ್ಕಾರವು ಆ ನಿಯಮವನ್ನು ನಡೆಯಿಸುವುದನ್ನು ಕೈಬಿಟ್ಟಿತು. ಕ್ಷಮೆ ಬೇಡುವುದಕ್ಕೆ ಮಾತ್ರ 2016ರವರೆಗೆ ಕಾಲ ಹಿಡಿಯಿತು. ಈಗ ಅದೇ ನಗರದ ಓರ್ಲಿಯನ್ಸ್ ಭಾಗದ ಫ್ರೆಂಚ್ ಪ್ರೌಢಶಾಲೆಯೊಂದಕ್ಕೆ ಬೆಆತ್ರೀಸ್ ದೆಲೋಜ್ ಅವರ ಹೆಸರನ್ನಿಟ್ಟಿದ್ದಾರೆ. ಪದಕ, ಪ್ರತಿಮೆಗಳೂ ಸನ್ಮಾನಗಳೇ. ಆದರೆ ಉಪಾಧ್ಯಾಯಿನಿಗೆ ಇದಕ್ಕಿಂತ ತಕ್ಕ ಸನ್ಮಾನವನ್ನು ನಾನರಿಯೆ. ಅವರು ಯಾವ ನುಡಿಗಾಗಿ ಸಂಬಳವನ್ನು ಕಳೆದುಕೊಂಡರೋ ಆ ನುಡಿಯಲ್ಲಿಯೇ ಅಲ್ಲಿ ಪ್ರತಿದಿನವೂ ಪಾಠ ನಡೆಯುತ್ತಿದೆ.