ಪಿಂಚಣಿ ನಿಧಿ ಕಲಿಸುವ ಲೆಕ್ಕ



ಕುವೈತಿನ ಸಾಮಾಜಿಕ ಭದ್ರತಾ ಸಂಸ್ಥೆ 1976ರ ಕಾನೂನಿನಿಂದ ಹುಟ್ಟಿದ್ದು. ಉದ್ಯೋಗಿ, ಮಾಲೀಕ, ಸರ್ಕಾರ ಕಟ್ಟುವ ಹಣವನ್ನು ಅದು ಷೇರು, ಬಾಂಡ್, ಕಟ್ಟಡಗಳಲ್ಲಿ ಹಂಚಿ ತೊಡಗಿಸುತ್ತದೆ. ಒಂದು ಕಡೆ ನಷ್ಟವಾದರೆ ಇನ್ನೊಂದು ಕಡೆಯ ಲಾಭ ತುಂಬಿಕೊಡಬಹುದು. ಹಣ ಬೇಕಾಗುವುದು ದಶಕಗಳ ನಂತರ. ಹಾಗಾಗಿ ಕಾಯುವ ಶಕ್ತಿಯೂ ಅದಕ್ಕಿದೆ.

ಆದರೆ ಆ ಪಿಂಚಣಿ ನಮಗಿಲ್ಲ. 2010ರ ಕಾರ್ಮಿಕ ಕಾಯ್ದೆಯಂತೆ ತಿಂಗಳ ಸಂಬಳದವರಿಗೆ ಮೊದಲ 5 ವರ್ಷ ತಲಾ 15 ದಿನದ, ನಂತರ ವರ್ಷಕ್ಕೊಂದು ತಿಂಗಳ ಸಂಬಳ. 20 ವರ್ಷ ದುಡಿದರೂ ಸಿಗುವುದು 18 ತಿಂಗಳ ಸಂಬಳದೊಳಗೆ.

ಆದ್ದರಿಂದ ನಮ್ಮ ನಿಧಿಯನ್ನು ನಾವೇ ಕಟ್ಟಬೇಕು. ಅನಿವಾಸಿ ಭಾರತೀಯರೂ ಸೇರಬಹುದಾದ ಎನ್‌ಪಿಎಸ್ ಕೂಡ ಹಣವನ್ನು ಷೇರು, ಬಾಂಡುಗಳಲ್ಲಿ ಹಂಚುತ್ತದೆ. ಊರಿಗೆ ಹಣ ಕಳಿಸುವ ದಿನವೇ ವೃದ್ಧಾಪ್ಯದ ಪಾಲನ್ನೂ ತೆಗೆದಿಡಿ. ಉಳಿದರೆ ಇಡೋಣವೆಂದರೆ ಉಳಿಯುವುದಿಲ್ಲ.